ಮೂರು ಸಲ ಅನ್ನ ಹಾಕಿಸಿಕೊಂಡ ಶೇಷಪ್ಪನವರು

ವಸುಧಾ, ಗಿರೀಶ, ಪದ್ದಿ,

ಮೊನ್ನೆ ಶೇಷಪ್ಪನವರು ನಮ್ಮ ಊಟದಮನೆಗೆ ಬಂದಿದ್ದರು. ಒಂದೇ ಸಲ ಅನ್ನ ಹಾಕಿಸಿಕೊಂಡರು. ಮಜ್ಜಿಗೆಗೂ ಕಾಯದೆ ಎದ್ದು ಕೈ ತೊಳೆದರು.

ಇದರಲ್ಲಿ ಬರೆಯುವಂಥದ್ದು ಏನಿದೆ ಎನ್ನುತ್ತೀರಿ. ಇದೆ. ಇದೇ ಶೇಷಪ್ಪನವರು ಹೋದ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಕೂತು ಮೂರು ಸಲ ಅನ್ನ ಹಾಕಿಸಿಕೊಂಡಿದ್ದರು. ನಾನು ಒಲೆಯ ಮುಂದೆ ನಿಂತು, ನನ್ನ ಸೌತೆಕಾಯಿ ಹುಳಿ ಅಷ್ಟು ಚೆನ್ನಾಗಿ ಆಗಿದೆ ಎಂದು ಒಳಗೊಳಗೇ ಹಿಗ್ಗಿದ್ದೆ. (ಅಡುಗೆ ಮಾಡುವವರು ಎಷ್ಟು ಸುಲಭವಾಗಿ ಮೋಸಹೋಗುತ್ತಾರೆ!) ಹುಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ ಎಂದು ಗೊತ್ತಾದದ್ದು ಮೊನ್ನೆ.

ಗಿರೀಶ, ಹೋದ ಭಾನುವಾರ ಸಾಗರದಿಂದ ಬಂದವನು ನೀನು ಮುಖ ಊದಿಸಿಕೊಂಡು ಕೂತಿದ್ದೆ. ನಿಮ್ಮ ಶಾಲೆಯ ಕಬಡ್ಡಿ ತಂಡದ ಒಳ್ಳೆಯ ಆಟಗಾರನನ್ನು ತೀರ್ಥಹಳ್ಳಿ ಕಡೆಯ ಯಾವುದೋ ದೊಡ್ಡ ಶಾಲೆಯವರು ಹಾಸ್ಟೆಲ್ಲು, ಬೂಟು ಎಲ್ಲ ಕೊಟ್ಟು ಕರೆದುಕೊಂಡು ಹೋದರಂತೆ. "ಇದು ಅನ್ಯಾಯ ಅಲ್ವಾ ಅಜ್ಜಿ?" ಎಂದು ಕೇಳಿದೆ. ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ ಎಂಬುದು ನಿಮಗೆ ಗೊತ್ತೇ ಇದೆ. ಈ ವಾರದ ಹಾಳೆ ಅದಕ್ಕೇ.

ನಮ್ಮ ಕಡೆ ಯಕ್ಷಗಾನದ ಮೇಳಗಳೆಂದರೆ ನಿಮ್ಮ ಕಬಡ್ಡಿ ತಂಡಗಳಿದ್ದ ಹಾಗೆ. ಒಂದೊಂದು ಮೇಳಕ್ಕೆ ಒಂದೊಂದು ಊರಿನ ಅಭಿಮಾನ. ನಿಮ್ಮ ತಾತ ಇದ್ದಾಗ ಒಬ್ಬ ಭಾಗವತರ ಪದ್ಯ ಸರಿಯಿಲ್ಲ ಎಂದ ಗಿರಾಕಿಗೆ ಎರಡನೇ ಸಲ ಸಾರು ಬಡಿಸದೆ ಕಳಿಸಿದ್ದರು. ಅಷ್ಟು ಹುಚ್ಚು!

ಮೇಳಗಳಲ್ಲಿ ಎರಡು ಜಾತಿ. ಒಂದು ದೇವಸ್ಥಾನದ ಮೇಳ. ಯಾರಾದರೂ ಹರಕೆ ಹೊತ್ತವರು ಆಟ ಆಡಿಸುತ್ತಾರೆ, ಊರವರೆಲ್ಲ ಚಾಪೆ ಹಾಸಿಕೊಂಡು ಬಿಟ್ಟಿ ನೋಡುತ್ತಾರೆ. ಇನ್ನೊಂದು ಡೇರೆ ಮೇಳ. ಅದಕ್ಕೆ ಟಿಕೆಟ್ಟು, ಜನರೇಟರು, ಬಣ್ಣದ ಪೋಸ್ಟರು, ಊರೂರಿಗೆ ಮೈಕು ಕಟ್ಟಿದ ಕಾರು. ಮೊದಲನೆಯದಕ್ಕೆ ದೇವರಿದ್ದಾನೆ. ಎರಡನೆಯದಕ್ಕೆ ಮ್ಯಾನೇಜರ್ ಇದ್ದಾರೆ.

ಮಳೆ ಹಿಡಿಯುವ ಮೊದಲು ಎಲ್ಲ ಮೇಳದವರೂ ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ನಡುವಿನ ತಿಂಗಳುಗಳಲ್ಲಿ ಆಟವಿಲ್ಲ. ಆದರೆ ನಿಜವಾದ ಆಟ ನಡೆಯುವುದು ಆಗಲೇ. ಯಾರು ಯಾವ ಮೇಳ ಬಿಟ್ಟರು, ಯಾರು ಯಾವುದಕ್ಕೆ ಸೇರಿದರು? ಇದೆಲ್ಲ ತೀರ್ಮಾನವಾಗುವುದು ಎಲ್ಲಿ?

ನಮ್ಮ ಊಟದಮನೆಯಲ್ಲಿ!

ಹೊಸನಗರ ನಡುವೆ ಇದೆ ನೋಡಿ. ಸಾಗರದ ಕಡೆಯವರು ಒಂದು ಬಸ್ಸಿಗೆ ಬರುತ್ತಾರೆ, ತೀರ್ಥಹಳ್ಳಿ ಕಡೆಯವರು ಇನ್ನೊಂದಕ್ಕೆ. ಇಬ್ಬರೂ ಇಳಿಯುವುದು ನಮ್ಮ ಬಾಗಿಲಲ್ಲಿ. ಬಡಿಸುವುದು, ಮಾತಾಡುವುದು, ಕಾಸು ತೆಗೆದುಕೊಳ್ಳುವುದು ಎಲ್ಲ ನನ್ನ ಮೈದುನ ಮಂಜಪ್ಪ, ಅಂದರೆ ನಿಮ್ಮ ಚಿಕ್ಕತಾತ. ನಾನು ಅಡುಗೆಮನೆ ಬಿಟ್ಟು ಹೊರಗೆ ಬರುವವಳಲ್ಲ. ಆದರೆ ಗೋಡೆಯಲ್ಲಿ ಪಾತ್ರೆ ದಾಟಿಸುವ ಕಿಂಡಿಯೊಂದಿದೆಯಲ್ಲ, ಅದರಿಂದ ನನಗೆ ಎಲ್ಲ ಕಾಣುತ್ತದೆ. ಕೇಳುವುದಂತೂ ಇನ್ನೂ ಚೆನ್ನಾಗಿ.

ಮೇಳದ ವ್ಯವಹಾರಕ್ಕೆ ಕಾಗದ ಪತ್ರವಿಲ್ಲ. ಯಜಮಾನರ ಕಡೆಯವರು ಎರಡು ವೀಳ್ಯದೆಲೆ, ಒಂದು ಅಡಿಕೆ, ಜೊತೆಗೆ ಒಂದಿಷ್ಟು ಮುಂಗಡ ಇಟ್ಟು ಕೊಡುತ್ತಾರೆ. ತೆಗೆದುಕೊಂಡರೆ ಮುಂದಿನ ತಿರುಗಾಟ, ಅಂದರೆ ಮತ್ತೆ ಮಳೆ ಹಿಡಿಯುವವರೆಗಿನ ಆಟವೆಲ್ಲ, ಅವರ ಮೇಳದಲ್ಲಿ. ಆಮೇಲೆ ಸಾಕ್ಷಾತ್ ದೇವರೇ ಬಂದು ಕರೆದರೂ ಇಲ್ಲ. ಹಾಗಾಗಿ ಇನ್ನೂ ಯಾವ ಮೇಳವೆಂದು ತೀರ್ಮಾನವಾಗದ ಕಲಾವಿದರು ಊಟವಾದ ಮೇಲೆ ನಮ್ಮ ಮೇಜಿನ ಮೇಲಿನ ಎಲೆಯಡಿಕೆ ತಟ್ಟೆಯನ್ನೂ ಮುಟ್ಟುವುದಿಲ್ಲ. ಎಲ್ಲಿ ಯಾರ ಕೈ ತಾಗಿರುತ್ತದೋ ಎಂಬ ಅಳುಕು. ತಟ್ಟೆ ಮುಟ್ಟದೆ ಹೋದವರು ಇನ್ನೂ ಯಾರವರೂ ಅಲ್ಲ. ಮಂಜಪ್ಪ ಇಷ್ಟರಿಂದಲೇ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡ ಜ್ಯೋತಿಷಿಯಾಗಿದ್ದಾನೆ.

ಇನ್ನು ಶೇಷಪ್ಪನವರು. ದೇವಸ್ಥಾನದ ಮೇಳದಲ್ಲಿ ಸ್ತ್ರೀವೇಷ. ಸಣ್ಣವರಿದ್ದಾಗಿನಿಂದ ಅಲ್ಲೇ ಕಲಿತು ಅಲ್ಲೇ ಬೆಳೆದವರು. ಗಂಡ ಕಾಡಿನಲ್ಲಿ ಬಿಟ್ಟು ಹೋದ ರಾಣಿಯಾಗಿ ಅವರು ಬಂದರೆ, ಕಣ್ಣೀರು ಕಂಡೀತೆಂದು, ಹೆಂಗಸರ ಚಾಪೆಯಲ್ಲಿ ಒಬ್ಬರೂ ಪಕ್ಕದವರ ಮುಖ ನೋಡುತ್ತಿರಲಿಲ್ಲ. ನಾನೂ ನೋಡುತ್ತಿರಲಿಲ್ಲ. ಮಳೆಗಾಲದಲ್ಲಿ ಅದೇ ರಾಣಿ ಅಣ್ಣನ ಗದ್ದೆಯಲ್ಲಿ ಪಂಚೆ ಎತ್ತಿ ಕಟ್ಟಿ ಕೆಸರಲ್ಲಿ ಸಸಿ ನೆಡುತ್ತಾ ನಿಂತಿರುತ್ತಿದ್ದರು. "ನೆಟ್ಟಿ ಸಾಲಲ್ಲಿ ನಿಂತ್ರೆ ಹೆಂಗಸ್ರಿಗಿಂತ ಚಂದ ಬಗ್ತಾರೆ ಅತ್ಗೆ" ಎಂದು ಮಂಜಪ್ಪ ನಗುತ್ತಿದ್ದ.

ಆ ಮೇಳದ ಯಜಮಾನರು ಹೆಗ್ಡೆಯವರು. ವಯಸ್ಸಾದವರು. ಒಂದು ಕೊಡೆ, ಸೊಂಟದಲ್ಲಿ ಎಲೆಯಡಿಕೆ ಸಂಚಿ, ಮೆಲ್ಲಗಿನ ಮಾತು. ಅಷ್ಟೇ ಅವರ ಆಸ್ತಿ.

ಹೋದ ಮಳೆಗಾಲ. ಹೆಗ್ಡೆಯವರು ಬೆಳಗಿನ ಬಸ್ಸಿಗೇ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಮಧ್ಯಾಹ್ನ ಶೇಷಪ್ಪನವರು ಬಂದರು. ಇಬ್ಬರೂ ಕೈಮುಗಿದುಕೊಂಡರು.

"ಹೆಗ್ಡೆರೇ, ನೀವೂ ಕೂತ್ಕಳಿ, ಬಡಿಸ್ತೀನಿ" ಎಂದ ಮಂಜಪ್ಪ.

"ನಂದಾಯ್ತು ಮಾರಾಯ. ಅವ ಉಣ್ಲಿ."

ಶೇಷಪ್ಪನವರು ಉಣ್ಣಲು ಕೂತರು. ಹೆಗ್ಡೆಯವರು ರಸ್ತೆ ನೋಡುತ್ತಾ ಕೂತರು. ಅಷ್ಟರಲ್ಲಿ ಡೇರೆ ಮೇಳದ ಮ್ಯಾನೇಜರ್ ಬಂದರು. ಸಫಾರಿ ಸೂಟು, ಕೈಯಲ್ಲೊಂದು ಸೂಟ್‌ಕೇಸು. ಅವರು ಬೆಂಚಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹೋಗಿ ಶೇಷಪ್ಪನವರ ಪಕ್ಕದ ಎಲೆಗೇ ಕೂತರು.

"ಎಂತ ಶೇಷಪ್ಪ, ಇನ್ನೂ ಎಷ್ಟು ವರ್ಷ ಗ್ಯಾಸ್‌ಲೈಟಿನ ಕೆಳಗೆ ಕುಣಿಯದು?"

ಶೇಷಪ್ಪನವರು ತಲೆ ಎತ್ತಿ, "ಮಂಜಪ್ಪಣ್ಣ, ಸ್ವಲ್ಪ ಅನ್ನ" ಎಂದರು. ಇದು ಎರಡನೇ ಸಲ.

"ನಮ್ಮಲ್ಲಿ ಮಳೆಗಾಲಕ್ಕೂ ಸಂಬಳ ಉಂಟು. ಪೋಸ್ಟರಲ್ಲಿ ಫೋಟೋ ಹಾಕಿಸ್ತೀನಿ. ಹೆಂಡ್ತಿ ಮಕ್ಳು ನೋಡ್ಲಿ."

"ಊಟ ಆಗ್ಲಿ, ಬಿಡಿ."

"ಆಗ್ಲಿ ಮಾರಾಯ. ನಾನೆಂತ ನಿನ್ನ ಎಲೆ ಎಳ್ಕಂಡ್ನಾ?"

ಮ್ಯಾನೇಜರ್ ಗಟ್ಟಿಯಾಗಿ ನಕ್ಕರು. ಶೇಷಪ್ಪನವರು ಬೆಂಚಿನ ಕಡೆ ಒಮ್ಮೆ ನೋಡಿ ಮತ್ತೆ ಅನ್ನ ಕೇಳಿದರು. ಮೂರನೇ ಸಲ. ಮಂಜಪ್ಪ ಕಿಂಡಿಯ ಹತ್ತಿರ ಬಂದು, "ಅತ್ಗೆ, ಇವತ್ತು ನಿಮ್ಮ ಹುಳಿಗೆ ಮೆಡಲ್ ಕೊಡ್ಬೇಕು" ಎಂದ. ನಾನು ಹುಳಿ ಬಿಸಿ ಮಾಡಿ ಕೊಟ್ಟೆ.

ಶೇಷಪ್ಪನವರು ಒಂದೊಂದೇ ತುತ್ತು ಕಲಸುತ್ತಾ ಕೂತರು. ಹೆಗ್ಡೆಯವರು ಕೊಡೆಯ ತುದಿಯಿಂದ ನೆಲ ಗೀಚುತ್ತಾ ಕೂತರು. ಮ್ಯಾನೇಜರ್ ಮಾತ್ರ ಮಾತಾಡುತ್ತಲೇ ಇದ್ದರು. ಕೊನೆಗೆ ಸೂಟ್‌ಕೇಸಿನಿಂದ ವೀಳ್ಯ ತೆಗೆದು ನೀರಿನ ಲೋಟದ ಪಕ್ಕದಲ್ಲಿ ಇಟ್ಟರು. ಶೇಷಪ್ಪನವರು ಎದ್ದರು, ಕೈ ತೊಳೆದು ಬಂದರು, ಮತ್ತೊಮ್ಮೆ ಬೆಂಚಿನ ಕಡೆ ನೋಡಿದರು. ಆಮೇಲೆ ಬಗ್ಗಿ ಅದನ್ನು ತೆಗೆದುಕೊಂಡರು.

ಹೆಗ್ಡೆಯವರು ಎದ್ದು ಕೊಡೆ ಬಿಚ್ಚಿದರು. "ಒಳ್ಳೇದಾಗ್ಲಿ ಶೇಷಪ್ಪ. ಮಳೆ ಸ್ವಲ್ಪ ಹೊಳವಾಯ್ತು, ನಾ ಹೊರಟೆ."

ಮಳೆ ಹೊಳವಾಗಿರಲಿಲ್ಲ, ಸುರಿಯುತ್ತಲೇ ಇತ್ತು.

ಅವತ್ತು ಪಾತ್ರೆ ತೊಳೆಯುವಾಗ ನನಗೂ ಮಂಜಪ್ಪನಿಗೂ ಜಗಳ. "ಬೆಳೆಸಿದ್ದು ಒಬ್ರು, ಕೊಯ್ಯೋದು ಇನ್ನೊಬ್ರಾ?" ಎಂದೆ ನಾನು.

"ಹೊಟ್ಟೆಗೆ ಬೇಡ್ವ ಅತ್ಗೆ? ಹೆಗ್ಡೆರು ಕೊಡೋದ್ರಲ್ಲಿ ಗೆಜ್ಜೆ ಕಟ್ಟೋ ದಾರ ಬರಲ್ಲ. ನಿಮಗೆ ಅಳಕ್ಕೆ ರಾಣಿ ಬೇಕು, ರಾಣಿಗೆ ಅಕ್ಕಿ ಬೇಡ್ವ?"

ಅವನ ಮಾತಿನಲ್ಲಿ ಸುಳ್ಳೇನಿತ್ತು? ನಾನು ಬೂದಿ ಹಾಕಿ ಪಾತ್ರೆ ತಿಕ್ಕಿದೆ.

ಆದರೂ ಒಂದು ಮಾತು ಕೇಳಬೇಕೆನಿಸುತ್ತದೆ. ಡೇರೆ ಮೇಳದಲ್ಲಿ ದೊಡ್ಡ ಹೆಸರು ಮಾಡಿದವರಲ್ಲಿ ಡೇರೆಯೊಳಗೇ ಕಲಿತವರು ಯಾರಿದ್ದಾರೆ? ಎಲ್ಲರೂ ಹೆಗ್ಡೆಯವರಂಥವರ ಮೇಳದಲ್ಲಿ ಬಿದ್ದು ಎದ್ದು, ತಾಳ ತಪ್ಪಿ, ಬೈಸಿಕೊಂಡು ಕಲಿತವರೇ. ಮುಗ್ಗರಿಸುವ ವರ್ಷಗಳ ಖರ್ಚು ಬಡ ಮೇಳಕ್ಕೆ. ಹೊಳೆಯುವ ವರ್ಷಗಳ ಟಿಕೆಟ್ಟು ಶ್ರೀಮಂತ ಮೇಳಕ್ಕೆ. ಇದು ಯಾವ ಊರಿನ ಲೆಕ್ಕ?

ಡೇರೆಯ ಒಳಗಾದರೂ ಎಲ್ಲರಿಗೂ ಸುಖವೇ? ಅದೂ ಇಲ್ಲ. ಪೋಸ್ಟರಿನಲ್ಲಿ ಮುಖವಿರುವ ಒಬ್ಬಿಬ್ಬರ ಸಂಬಳವೇ ಬೇರೆ. ಚೆಂಡೆಯವರು, ವೇಷದ ಪೆಟ್ಟಿಗೆ ಹೊರುವವರು, ಗೂಟ ಹೊಡೆಯುವವರು ಇವರೆಲ್ಲ ನಮ್ಮಲ್ಲಿ ಊಟಕ್ಕೆ ಬಂದರೆ ಹಪ್ಪಳ ಬೇಡ ಎನ್ನುತ್ತಾರೆ. (ಹಪ್ಪಳಕ್ಕೆ ಬೇರೆ ಕಾಸು.) ನಾನು ಅನ್ನದ ಕೆಳಗೆ ಒಂದು ಅಡಗಿಸಿ ಕಳಿಸುತ್ತೇನೆ. ಮಂಜಪ್ಪನಿಗೆ ಹೇಳಬೇಡಿ.

ನಾವು ನೋಡುವವರೂ ಸಾಚಾ ಅಲ್ಲ. ದೇವಸ್ಥಾನದ ಮೇಳದ ಆರತಿ ತಟ್ಟೆ ಬಂದಾಗ ಕಣ್ಣು ಮುಚ್ಚಿ ಕೈಮುಗಿಯುವ ಜನವೇ ಡೇರೆಯ ಬಾಗಿಲಲ್ಲಿ ಟಿಕೆಟ್ಟಿಗೆ ನೂಕಾಡುತ್ತಾರೆ. ನಾವೂ ಹೋದೆವಲ್ಲ! ಬೇಸಿಗೆಯಲ್ಲಿ ಸಾಗರದಲ್ಲಿ ಡೇರೆ ಹಾಕಿದಾಗ ನಿಮ್ಮನ್ನು ಮೂವರನ್ನೂ ನಾನೇ ಕರೆದುಕೊಂಡು ಹೋದೆ. ನೆನಪಿದೆಯೇ? ಪದ್ದಿ ನನ್ನ ತೊಡೆಯ ಮೇಲೆ ನಿದ್ದೆಹೋದಳು. ವಸುಧಾ ರಾಣಿಯ ಸೆರಗಿನ ಜರಿಯನ್ನೇ ನೋಡುತ್ತಿದ್ದಳು. ನಾನು ಶೇಷಪ್ಪನವರನ್ನು ಹುಡುಕುತ್ತಿದ್ದೆ.

ರಾಣಿಯ ವೇಷ ಬೇರೆಯವರದ್ದು. ಹಿಂದೆ ಒಬ್ಬಳು ಸಖಿ ನಿಂತಿದ್ದಳು. ತಲೆ ಬಗ್ಗಿಸಿ "ಹೌದು ದೇವಿ", "ಆಗಲಿ ದೇವಿ" ಎನ್ನುತ್ತಿದ್ದಳು. ಗಿರೀಶ, "ಆ ಹಿಂದೆ ನಿಂತವಳು ಯಾಕಜ್ಜಿ ಕುಣಿಯಲ್ಲ?" ಎಂದು ಕೇಳಿದವನು ನೀನೇ. ಅವರೇ ಶೇಷಪ್ಪನವರು.

ಆಮೇಲೆ ಮಂಜಪ್ಪ ಬಿಡಿಸಿ ಹೇಳಿದ. ಶೇಷಪ್ಪನವರ ಬಿಟ್ಟಿ ಆಟವಿದ್ದ ದಿನ ಪಕ್ಕದೂರಿನಲ್ಲಿ ಡೇರೆ ಹಾಕಿದರೆ ಕುರ್ಚಿಗಳು ಖಾಲಿ ಬೀಳುತ್ತಿದ್ದವಂತೆ. ಡೇರೆಯವರಿಗೆ ಅವರು ಬೇಕಾಗಿದ್ದದ್ದು ಕುಣಿಸುವುದಕ್ಕಲ್ಲ. ಹೆಗ್ಡೆಯವರ ಮೇಳದಲ್ಲಿ ಅವರು ಕುಣಿಯದೆ ಇರುವುದಕ್ಕೆ. ಅದಕ್ಕೂ ಸಂಬಳ ಕೊಡುವಷ್ಟು ದುಡ್ಡು ಕೆಲವರ ಹತ್ತಿರ ಇರುತ್ತದೆ ಮಕ್ಕಳೇ. ಒಬ್ಬ ಮನುಷ್ಯನನ್ನು ಸುಮ್ಮನೆ ನಿಲ್ಲಿಸುವುದಕ್ಕೆ!

ಇತ್ತ ದೇವಸ್ಥಾನದ ಮೇಳ ಹೇಗೋ ತಿರುಗಾಟ ಮುಗಿಸಿತು. ಮೇಗರವಳ್ಳಿಯ ಹರಕೆ ಆಟದಲ್ಲಿ ರಾಣಿಯಾಗಿ ಬಂದವರು ಹಾಸ್ಯದ ವೇಷಧಾರಿ. ಬೇರೆ ಯಾರೂ ಇರಲಿಲ್ಲ. ರಾಣಿ ಅತ್ತಾಗ ಜನ ನಕ್ಕರಂತೆ. ಹೆಗ್ಡೆಯವರು ಚೌಕಿಯಿಂದ, ಅಂದರೆ ವೇಷ ಕಟ್ಟುವ ಜಾಗದಿಂದ, ಬೆಳಗಿನವರೆಗೆ ಹೊರಗೆ ಬರಲಿಲ್ಲವಂತೆ.

ಈಗ ಮೊನ್ನೆಯ ವಿಷಯ.

ಶೇಷಪ್ಪನವರು ಒಳಗೆ ಬರುತ್ತಲೇ ಬೆಂಚಿನ ಕಡೆ ನೋಡಿದರು. "ಮಂಜಪ್ಪಣ್ಣ, ಹೆಗ್ಡೆರು ಬಂದ್ರಾ?"

"ಸಾಗರದ ಬಸ್ಸಿಗೆ ಬರ್ತಾರಂತೆ. ಕೂತ್ಕಳಿ."

ಅವರು ಕೂತರು. ಒಂದೇ ಸಲ ಅನ್ನ. ಬಾಗಿಲು ನೋಡುತ್ತಾ ಗಬಗಬನೆ ಉಂಡರು. ಕೈ ತೊಳೆದು, ಟವೆಲಿನಲ್ಲಿ ಬಾಯಿ ಒರೆಸಿಕೊಂಡು, ಹೋದ ವರ್ಷ ಹೆಗ್ಡೆಯವರು ಕೂತಿದ್ದ ಅದೇ ಬೆಂಚಿನಲ್ಲಿ ಹೋಗಿ ಕೂತರು.

ಮಂಜಪ್ಪ ಕಿಂಡಿಯಲ್ಲಿ ತಲೆ ತೂರಿಸಿದ. "ಅತ್ಗೆ, ತಟ್ಟೆ ಮುಟ್ಲಿಲ್ಲ!"

"ಸುಮ್ನಿರು. ಕೇಳ್ಸತ್ತೆ."

"ಡೇರೆಯೋರ ವೀಳ್ಯ ವಾಪಸ್ ಕಳ್ಸಿದಾರೆ ಅಂತಾಯ್ತು. ಹೆಗ್ಡೆರ ಮೇಳಕ್ಕೇ ಬರ್ತಾರೆ ನೋಡಿ."

ಡೇರೆಯ ಪಕ್ಷದ ಮಂಜಪ್ಪನ ಮುಖವೂ ಅರಳಿತ್ತು. ನಾನಂತೂ ಸೌಟು ಕೆಳಗಿಟ್ಟು ಕಿಂಡಿಗೇ ಬಂದು ನಿಂತೆ. ಎಷ್ಟೋ ವರ್ಷಗಳಿಂದ ನಮ್ಮ ಬಾಗಿಲಿನಲ್ಲಿ ಜನ ಒಂದೇ ದಿಕ್ಕಿಗೆ ಹೋಗುವುದನ್ನು ನೋಡಿದ್ದೇನೆ. ಒಬ್ಬರಾದರೂ ತಿರುಗಿ ಬಂದರಲ್ಲ!

ಬಸ್ಸು ಬಂತು. ಹೆಗ್ಡೆಯವರು ಇಳಿದರು. ಕೊಡೆ ಮಡಚಿ ಒಳಗೆ ಬಂದು, ಬೆಂಚಿನಲ್ಲಿ ಯಾರಿದ್ದಾರೆಂದು ನೋಡಿ ನಿಂತುಬಿಟ್ಟರು.

"ಊಟ ಆಯ್ತಾ ಶೇಷಪ್ಪ?"

"ಆಯ್ತು ಹೆಗ್ಡೆರೆ. ಕೈ ತೊಳ್ಕಂಡಿದ್ದೂ ಆಯ್ತು."

ಹೆಗ್ಡೆಯವರು ಪಕ್ಕದಲ್ಲಿ ಕೂತರು. ಸೊಂಟದ ಸಂಚಿಗೆ ಕೈ ಹಾಕಲಿಲ್ಲ.

"ಈ ಸಲ ಮೇಳ ಹೊರಡಲ್ಲ ಮಾರಾಯ. ಭಾಗವತ್ರಿಗೂ ಡೇರೆಯೋರ ವೀಳ್ಯ ಆಯ್ತು. ಚೆಂಡೆಯೋನೂ ಅವರ ಹಿಂದೆ ಹೋದ. ಗೆಜ್ಜೆ ಪೆಟ್ಟಿಗೆ ದೇವಸ್ಥಾನದಲ್ಲಿ ಇಟ್ಟು ಬಾಗಿಲು ಹಾಕಿ ಬಂದೆ."

"ಮತ್ತೆ ಇಲ್ಲಿಗೆ ಬಂದ್ರಲ್ಲ?"

"ಯಾರಾದ್ರೂ ನನಗೆ ಕಾಯ್ತಾ ಕೂತಿದ್ರೆ ಪಾಪ ಅಲ್ವನಾ? ಹೇಳಿ ಹೋಗನ ಅಂತ ಬಂದೆ."

ಒಮ್ಮೆಲೇ ಶೇಷಪ್ಪನವರ ದನಿ ಏರಿತು. ಆಟದಲ್ಲಿ ಕೂಡ ಆ ದನಿ ನಾನು ಕೇಳಿರಲಿಲ್ಲ.

"ಹೋದ ಸಲ ನೀವೊಂದು ಮಾತು ಆಡಿದ್ರೆ ನಾ ಅವರ ವೀಳ್ಯ ಮುಟ್ತಾನೇ ಇರ್ಲಿಲ್ಲ ಹೆಗ್ಡೆರೆ! ನಿಮ್ಮದು ಎಷ್ಟೇ ಇರ್ಲಿ, ತಗೊಂಡು ಬಿಡ್ತಿದ್ದೆ. ಹೊಟ್ಟೆ ಬಿರಿಯಂಗೆ ಮೂರು ಸಲ ಅನ್ನ ಹಾಕಿಸ್ಕಂಡೆ. ಈಗ ಮಾತಾಡ್ತಾರೆ, ಈಗ ಮಾತಾಡ್ತಾರೆ ಅಂತ."

ಹೆಗ್ಡೆಯವರು ಅವರ ಮುಖವನ್ನೇ ನೋಡಿದರು.

"ಉಣ್ಣೋನ ಹತ್ರ ವ್ಯವಹಾರ ಮಾತಾಡದಾ? ನೀ ಎದ್ದು ಕೈ ತೊಳ್ಯಲಿ ಅಂತ ನಾ ಕಾದೆ ಮಾರಾಯ. ಈಗ ಏಳ್ತೀಯ, ಈಗ ಏಳ್ತೀಯ ಅಂತ. ನೀ ಏಳದ್ರೊಳಗೆ ಅವರ ವೀಳ್ಯ ಬಂದು ಕೂತಾಗಿತ್ತು, ಅದರ ಎದುರು ನಾ ಎಂತ ಇಡದು?"

ಯಾರೂ ನಗಲಿಲ್ಲ. ಮಂಜಪ್ಪ ಕೂಡ. ಅವನು ತಂಬಿಗೆ ಹಿಡಿದುಕೊಂಡು ಎಲ್ಲಿ ನಿಂತಿದ್ದನೋ ಅಲ್ಲೇ ನಿಂತಿದ್ದ.

ಒಬ್ಬರು ಇನ್ನೊಬ್ಬರು ಮಾತಾಡಲಿ ಎಂದು ಊಟ ಎಳೆದರು. ಇನ್ನೊಬ್ಬರು ಊಟ ಮುಗಿಯಲಿ ಎಂದು ಮಾತು ತಡೆದರು. ನಡುವೆ ಕೂತು ಮಾತಾಡಿದವರು ಗೆದ್ದರು. ನಾನು ಹುಳಿ ಬಿಸಿ ಮಾಡಿ ಕೊಡುತ್ತಾ ಇದ್ದೆ.

ಕೊನೆಗೆ ಹೆಗ್ಡೆಯವರು ಸಂಚಿ ಬಿಚ್ಚಿದರು. ಎರಡು ಎಲೆ ತೆಗೆದು ಪಂಚೆಗೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಚೂರು ಇಟ್ಟು ಮಡಚಿದರು. ಶೇಷಪ್ಪನವರ ಮುಂದೆ ಹಿಡಿದರು. ಶೇಷಪ್ಪನವರ ಕೈ ಮೇಲೇಳಲಿಲ್ಲ.

"ಇದು ಬರೀ ಎಲೆಯಡಿಕೆ ಮಾರಾಯ. ಮೇಳದ ವೀಳ್ಯ ಅಲ್ಲ. ಹಾಕ್ಕ."

ಶೇಷಪ್ಪನವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ನಾನು ಕಿಂಡಿಯಲ್ಲಿ ಬಗ್ಗಿ, "ಹೆಗ್ಡೆರೇ, ಉಣ್ಣಕ್ಕೆ ಬನ್ನಿ, ಎಲೆ ಹಾಕ್ಸಿದೀನಿ" ಎಂದೆ. ಗಿರಾಕಿಗಳ ಹತ್ತಿರ ನಾನು ಅಷ್ಟು ದೊಡ್ಡದಾಗಿ ಮಾತಾಡಿದ್ದು ಅದೇ ಮೊದಲು. ಮಂಜಪ್ಪ ತಿರುಗಿ ನೋಡಿದ.

"ಇವತ್ತು ಉಣ್ತೀನಿ ತಂಗಿ" ಎಂದರು ಹೆಗ್ಡೆಯವರು. "ಹೋದ ಸಲ ಹಸ್ಕಂಡೇ ಹೋಗಿದ್ದೆ."

ಅವರು ಉಂಡರು. ಶೇಷಪ್ಪನವರು ಪಕ್ಕದಲ್ಲಿ ಕೂತಿದ್ದರು. ಊಟ ಮುಗಿಯುವವರೆಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಒಬ್ಬರು ಸಾಗರದ ಬಸ್ಸು ಹತ್ತಿದರು, ಇನ್ನೊಬ್ಬರು ಅಣ್ಣನ ಗದ್ದೆಗೆ ಹೋದರು. ಡೇರೆಯಿಂದಲೂ ಇಲ್ಲ, ದೇವಸ್ಥಾನದಿಂದಲೂ ಇಲ್ಲ. ಈ ವರ್ಷ ರಾಣಿ ಎಲ್ಲಿಯೂ ಕುಣಿಯುವುದಿಲ್ಲ.

ಗಿರೀಶ, ಅನ್ಯಾಯವೇ. ನೀನು ಕೇಳಿದ್ದು ಸರಿ. ಆದರೆ ಯಾರನ್ನು ಹಿಡಿದು ಬೈಯುವುದು ಎಂದು ನನಗೆ ಇನ್ನೂ ತಿಳಿಯಲಿಲ್ಲ. ದುಡ್ಡಿದ್ದವರಿಗೆ ಕಾಯುವ ಅಭ್ಯಾಸವಿಲ್ಲ, ಇಲ್ಲದವರಿಗೆ ಕೇಳುವ ಅಭ್ಯಾಸವಿಲ್ಲ. ಇದನ್ನು ಸರಿಮಾಡುವಷ್ಟು ಓದು ನನಗಿಲ್ಲ. ಇದ್ದವರೂ ಮಾಡಿದಂತೆ ಕಾಣಲಿಲ್ಲ. ನೋಡಿ ನೋಡಿ ನನಗೂ ಸಾಕಾಗಿದೆ.

ಈ ಹಾಳೆಗಳನ್ನು ಹಳೆಯವುಗಳ ಜೊತೆ ಜೋಪಾನವಾಗಿಡಿ, ಪದ್ದಿಯ ಕತ್ತರಿಗೆ ಸಿಗದ ಕಡೆ. ಎತ್ತಿಡುವ ಮೊದಲು ಒಂದೇ ಒಂದು ಮಾತು ಹೇಳು ಗಿರೀಶ: ಆ ಕಬಡ್ಡಿ ಹುಡುಗ ಹೊರಡುವ ದಿನ, "ಹೋಗ್ಬೇಡ ಮಾರಾಯ, ನಮ್ಮ ಜೊತೆಗೇ ಇರು" ಎಂದು ನಿಮ್ಮಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದಿರಾ?